ಪಾದದಡಿಯ ರಬ್ಬರು ಎಷ್ಟು ಮೆತ್ತಗಿರಬೇಕು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರಸ್ತೆಗಳಲ್ಲಿ ನೀವು ಮೋಟಾರ್‌ಸೈಕಲ್ ಓಡಿಸುವವರಾದರೆ, ಇಳಿದಾಗ ಅಂಗಾಲು ಜುಮುಗುಟ್ಟುವುದನ್ನು ಗಮನಿಸಿರಬಹುದು. ಜೋಮು ಹಿಡಿದ ಕಾಲಿಗೆ ಬ್ರೇಕನ್ನು ಎಷ್ಟು ಒತ್ತಿದೆ ಎಂಬುದು ಸರಿಯಾಗಿ ತಿಳಿಯದು. ಆದ್ದರಿಂದ ಇದು ಬರಿಯ ಸುಖದ ಪ್ರಶ್ನೆಯಲ್ಲ, ಸುರಕ್ಷತೆಯದೂ ಹೌದು.

‘ಫುಟ್‌ರೆಸ್ಟಿಗೆ ದಪ್ಪ ರಬ್ಬರು ಹಾಕಿಸಿ’ ಎಂಬುದು ಸಾಮಾನ್ಯ ಸಲಹೆ. ಇದು ಅರ್ಧ ಸರಿ. ರಬ್ಬರು ಎಷ್ಟು ದಪ್ಪವಿದೆ ಎನ್ನುವುದಕ್ಕಿಂತ ಕಾಲಿನ ಭಾರಕ್ಕೆ ಎಷ್ಟು ಕುಗ್ಗುತ್ತದೆ ಎನ್ನುವುದೇ ಮುಖ್ಯ.

ಒಂದೇ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದಾಗ, ಪಿಸ್ಟನ್ನಿನ ಏರಿಳಿತದಿಂದ ಸೆಕೆಂಡಿಗೆ 50 ಕಂಪನಗಳು, ಅಂದರೆ 50 ಹರ್ಟ್ಸ್. ರಬ್ಬರು ಮತ್ತು ಅದರ ಮೇಲಿನ ಕಾಲಿಗೂ ಒಂದು ಸಹಜ ಆವೃತ್ತಿಯಿದೆ. ರಬ್ಬರು ಕುಗ್ಗಿದ ಮಿಲಿಮೀಟರುಗಳ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಅದರ ಅಂದಾಜು ಸಿಗುತ್ತದೆ. 0.1 ಮಿ.ಮೀ. ಮಾತ್ರ ಕುಗ್ಗುವ ಗಟ್ಟಿ ರಬ್ಬರಿಗೆ ಇದು 50 ಹರ್ಟ್ಸ್. ಅಲ್ಲಿಗೆ ಅನುರಣನೆ! ಕಂಪನ ತಗ್ಗುವ ಬದಲು ಹೆಚ್ಚುತ್ತದೆ. ಎಂಜಿನ್ನಿನ ಆವೃತ್ತಿ ಸಹಜ ಆವೃತ್ತಿಯ 1.41 ಪಟ್ಟು ದಾಟಿದ ಮೇಲಷ್ಟೇ ರಬ್ಬರು ಕಂಪನವನ್ನು ತಡೆಯುತ್ತದೆ. 1 ಮಿ.ಮೀ. ಕುಗ್ಗುವ ರಬ್ಬರಾದರೆ ಸುಮಾರು 1350 ಸುತ್ತಿನಿಂದಲೇ ರಕ್ಷಣೆ ದೊರೆಯುತ್ತದೆ.

ಹಾಗಾದರೆ ಇನ್ನೂ ಮೆತ್ತಗೆ ಮಾಡಬಹುದಲ್ಲವೇ? ಇಲ್ಲಿದೆ ತೊಡಕು. ಈ ಭಾಗದ್ದು ಎರೆಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣಿನ ಮೇಲೆ ರಸ್ತೆ ಏರುತಗ್ಗಾಗುತ್ತದೆ. ಅದರಿಂದ ಗಾಲಿ ಕುಣಿಯುವುದು ಸುಮಾರು 10ರಿಂದ 15 ಹರ್ಟ್ಸ್‌ನಲ್ಲಿ. ಮೆತ್ತನೆಯ ರಬ್ಬರು ಈ ಕುಣಿತವನ್ನು ಹೆಚ್ಚಿಸಬಲ್ಲದು. ಇನ್ನು ಕುಳಿತವರ ಮೈಗೆ ಹೆಚ್ಚು ತಾಗುವ ಮೇಲೆ-ಕೆಳಗಿನ ಕಂಪನ 4ರಿಂದ 8 ಹರ್ಟ್ಸ್‌ನದು. ಅದನ್ನು ತಡೆಯಲು ಸಹಜ ಆವೃತ್ತಿ 2 ಹರ್ಟ್ಸ್‌ಗೆ ಇಳಿಯಬೇಕೆಂದರೆ ರಬ್ಬರು 6 ಸೆಂ.ಮೀ.ಗೂ ಹೆಚ್ಚು ಕುಗ್ಗಬೇಕು! ಅಂಥ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು ಬ್ರೇಕ್ ಒತ್ತುವುದು ಹೇಗೆ? ಆ ಕೆಲಸ ಶಾಕ್ ಅಬ್ಸಾರ್ಬರು, ಸೀಟು ಮತ್ತು ಟೈರಿನ ಗಾಳಿಗೆ ಸೇರಿದ್ದು.

ಎಂಜಿನ್ನಿನ ನಡುಕವನ್ನು ಮೂಲದಲ್ಲೇ ತಗ್ಗಿಸುವುದು ಲೇಸು. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಎದುರು ದಿಕ್ಕಿಗೆ ತಿರುಗುವ ಸಮತೋಲನ ದಂಡವಿರುವುದು ಇದಕ್ಕಾಗಿಯೇ.

ನಿಂತ ಗಾಡಿಯ ಎಂಜಿನ್ ಚಾಲೂ ಮಾಡಿ, ಫುಟ್‌ರೆಸ್ಟ್ ಮುಟ್ಟಿ ‘ಚೆನ್ನಾಗಿದೆ’ ಎನ್ನುವ ಪರೀಕ್ಷೆ ಸಾಲದು. ನಿಮ್ಮ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ 0.1 ಮಿ.ಮೀ. ಅಳೆಯಬಲ್ಲದು. ಎಂಜಿನ್ ಆರಿಸಿ, ಗಾಡಿಯನ್ನು ಭದ್ರವಾಗಿ ನಿಲ್ಲಿಸಿ. ಕಾಲಿಡುವ ಮೊದಲು ಮತ್ತು ಕಾಲಿಟ್ಟ ಮೇಲೆ ರಬ್ಬರಿನ ದಪ್ಪ ಅಳೆಯಿರಿ. ಕಂಪಿಸುವಾಗ ರಬ್ಬರು ತುಸು ಗಟ್ಟಿಯಾಗಿ ವರ್ತಿಸುವುದರಿಂದ ಉತ್ತರ ಅಂದಾಜಿನದು. ಆದರೂ ನಿಮ್ಮ ರಬ್ಬರು ಕಾಲನ್ನು ಕಾಯುತ್ತಿದೆಯೇ, ಇಲ್ಲವೇ ಕಾಡುತ್ತಿದೆಯೇ ಎಂಬುದು ವಿದ್ಯಾರ್ಥಿಗಳಿಗೇ ತಿಳಿಯುತ್ತದೆ.