ಜನರಿಲ್ಲದ ಹಂಪಿ: ಒಂದು ಛಾಯಾಚಿತ್ರ ಪರಂಪರೆಯ ಮರುನೋಟ

ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. 2017ರಿಂದ ದೇಶದ ಎಲ್ಲರ ಜೇಬಿನಲ್ಲೂ ಓಡಾಡುತ್ತಿರುವ ಈ ರಥಕ್ಕೆ ಶಿಖರವಿಲ್ಲ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಇದೇ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರ ನಿಂತಿದೆ. ಅಲ್ಲಲ್ಲಿ ಶಿಥಿಲವಾಗಿದ್ದರೂ ಅದು ಇದ್ದಾಗ ರಥಕ್ಕೆ ಬೇರೆಯದೇ ಎತ್ತರ, ಬೇರೆಯದೇ ಗಾಂಭೀರ್ಯ. ಆಮೇಲೆ ಶಿಖರ ಹೋಯಿತು. ಗ್ರೀನ್‌ಲಾನ ಆ ಚಿತ್ರ ಇಲ್ಲದಿದ್ದರೆ ನಮ್ಮ ಕಾಲದ ಬಹುಪಾಲು ಜನ ರಥ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಂಬಿರುತ್ತಿದ್ದರು.

ಗ್ರೀನ್‌ಲಾ ತೆಗೆದ ಚಿತ್ರಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿನವರ ಕಣ್ಣಿಗೆ ಬೀಳದೆ ಉಳಿದಿದ್ದವು. ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳು ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದ ಮೇಲೆ, 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಹಂಪಿಗೆ ಬಂದರು. ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವ ಗೋಪುರ ಕುಸಿದಿದೆ, ಯಾವ ಮಂಟಪದ ಕಂಬ ಬಿದ್ದಿದೆ ಎನ್ನುವುದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಗ್ರೀನ್‌ಲಾನ ನೆಗೆಟಿವ್‌ಗಳು ಈಗ ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿವೆ. ಬಳ್ಳಾರಿಯವನಾದ ನನಗೆ ಇದು ಸಮಾಧಾನ ತರುವ ಸಂಗತಿಯೂ ಹೌದು, ನೋವಿನ ಸಂಗತಿಯೂ ಹೌದು. ನಮ್ಮ ಸೀಮೆಯ ಅತಿ ಹಳೆಯ ಮುಖ ನೋಡಲು ನಾವು ದೆಹಲಿಯ ರೈಲು ಹತ್ತಬೇಕು.

ಹಂಪಿಯ ಛಾಯಾಚಿತ್ರಕ್ಕೆ ಒಂದು ಪರಂಪರೆಯೇ ಇದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದರ ಆರಂಭ ಗ್ರೀನ್‌ಲಾನಿಂದ. 1868ರ ಸುಮಾರಿಗೆ ಮದ್ರಾಸ್ ಸರ್ಕಾರಕ್ಕಾಗಿ ಬಂದ ಎಡ್ಮಂಡ್ ಲಯನ್, 1917ರಲ್ಲಿ ಹಂಪಿಯ ಅವಶೇಷಗಳ ಮೇಲೆ ಪುಸ್ತಕ ಬರೆದ ಪುರಾತತ್ವ ಅಧಿಕಾರಿ ಲಾಂಗ್‌ಹರ್ಸ್ಟ್, ಆಮೇಲೆ ನಮ್ಮವರೇ ಆದ ನೂರಾರು ಜನ. ಕಾಲ ಬದಲಾದರೂ, ಕ್ಯಾಮೆರಾ ಬದಲಾದರೂ ಇವರೆಲ್ಲರ ಹಂಪಿಯಲ್ಲಿ ಒಂದು ಗುಣ ಬದಲಾಗಲಿಲ್ಲ: ಅಲ್ಲಿ ಮನುಷ್ಯರಿಲ್ಲ, ಇದ್ದರೂ ಕಲ್ಲಿನ ಎತ್ತರ ಅಳೆಯಲು ನಿಲ್ಲಿಸಿದವರು.

ಗ್ರೀನ್‌ಲಾಗೆ ಇದು ಅನಿವಾರ್ಯವಾಗಿತ್ತು. ಕಾಗದದ ನೆಗೆಟಿವ್‌ಗೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕು. ಆ ಹೊತ್ತಿನಲ್ಲಿ ನಡೆದು ಹೋದವನು, ಎಮ್ಮೆ ಹೊಡೆದುಕೊಂಡು ಬಂದವಳು, ಕಟ್ಟೆಯಿಂದ ಎದ್ದು ಹೋದ ಮುದುಕ ಯಾರೂ ಕಾಗದದ ಮೇಲೆ ಉಳಿಯುವುದಿಲ್ಲ. ಅಲುಗಾಡದೆ ನಿಂತವರಷ್ಟೇ ಉಳಿಯುತ್ತಾರೆ. ಆ ನಿರ್ಜನತೆ ರಸಾಯನದ ಕೆಲಸ. ಆದರೆ ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಓಡುವ ಕುದುರೆಯನ್ನೂ ಹಿಡಿಯಬಲ್ಲ ಕ್ಯಾಮೆರಾ ಕೈಗೆ ಬಂದ ಮೇಲೂ ನಮ್ಮವರು ಅದೇ ಖಾಲಿ ಹಂಪಿಯನ್ನು ಬಯಸಿದರು. ಕಾರಣ ಹೋಯಿತು, ರೂಢಿ ಉಳಿಯಿತು. ಬೆಳಗಿನ ಜಾವ ಮಾತಂಗ ಬೆಟ್ಟ, ಸಂಜೆ ಹೇಮಕೂಟ, ಯಾತ್ರಿಕರು ಬರುವ ಮೊದಲೇ ವಿಠಲ ದೇವಸ್ಥಾನದ ಅಂಗಳ. ಹಂಪಿಯನ್ನು ಅರಸರ ಸ್ವತ್ತಾಗಿ ನೋಡುವ ಕಣ್ಣಿಗೆ ಅಲ್ಲಿ ಬಾಳುವೆ ಮಾಡುತ್ತಿದ್ದ ಜನ ಅಡ್ಡಿಯಾಗಿ ಕಂಡರು.

ಈ ರೂಢಿಯನ್ನು ಗಟ್ಟಿ ಮಾಡಿದ್ದು ನಮ್ಮ ಸಲೋನ್ ಪರಂಪರೆ, ಅಂದರೆ ಛಾಯಾಚಿತ್ರ ಸ್ಪರ್ಧೆ ಮತ್ತು ಪ್ರದರ್ಶನಗಳ ಪರಂಪರೆ. ಅದನ್ನು ಹಗುರವಾಗಿ ನೋಡುವ ಮನಸ್ಸು ನನಗಿಲ್ಲ. ಬೆಂಗಳೂರಿನ ಡಾ. ಜಿ. ಥಾಮಸ್ ಮುಂದೆ ನಿಂತು 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿದರು. 1971ರಲ್ಲಿ ಸಿ. ರಾಜಗೋಪಾಲ್ ಅವರ ಮುಂದಾಳತ್ವದಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಬಂತು. ಬ್ಯಾಂಕಿನವರು, ಮೇಷ್ಟ್ರುಗಳು, ಡಾಕ್ಟರುಗಳು ರಾತ್ರಿ ಬಚ್ಚಲು ಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಪ್ರಿಂಟ್ ಹಾಕುವುದನ್ನು ಕಲಿತರು. ಕಲಿತವರು ಮುಂದಿನವರಿಗೆ ಕಾಸು ಕೇಳದೆ ಕಲಿಸಿದರು. ಕಪ್ಪು ಬಿಳುಪಿನ ನಡುವಿನ ಬೂದು ಬಣ್ಣದ ಒಂದೊಂದು ಮೆಟ್ಟಿಲನ್ನೂ ಬಿಡಿಸಿ ತೋರಿಸುವ ಕುಸುರಿ ಅವರಿಂದ ನಮಗೆ ಬಂದ ಆಸ್ತಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ವನ್ಯಜೀವಿಗಳ ಚಿತ್ರದಲ್ಲಿ ಕನ್ನಡ ನಾಡಿಗೆ ಹೊರದೇಶಗಳಲ್ಲೂ ಹೆಸರು ತಂದರು.

ಆದರೆ ಸ್ಪರ್ಧೆ ತನ್ನದೇ ಕಣ್ಣನ್ನು ಬೆಳೆಸುತ್ತದೆ. ನಿಸರ್ಗ ವಿಭಾಗದ ನಿಯಮದ ಪ್ರಕಾರ ಚೌಕಟ್ಟಿನಲ್ಲಿ ಮನುಷ್ಯನ ಕೈವಾಡ ಕಾಣಬಾರದು. ಪ್ರಾಣಿಗಳ ಮಟ್ಟಿಗೆ ಅದಕ್ಕೆ ಅರ್ಥವಿದೆ. ಆದರೂ ದರೋಜಿಯನ್ನು ನೋಡಿ. 1994ರಲ್ಲಿ ಕರಡಿಧಾಮವಾದ ಅಲ್ಲಿ, ಅರಣ್ಯ ಇಲಾಖೆಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋದ ಮೇಲೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ಕರಡಿಯ ಸಾವಿರಾರು ಚಿತ್ರಗಳಿವೆ. ಬಿಸಿಲಲ್ಲಿ ಡಬ್ಬಿ ಹೊತ್ತು ಬಂಡೆ ಹತ್ತುವ ಆ ಮನುಷ್ಯನ ಚಿತ್ರ ಹುಡುಕಿದರೂ ಸಿಗದು. ನಿಸರ್ಗದ ಈ ನಿಯಮ ಯಾರೂ ಹೇಳದೆಯೇ ಹಂಪಿಗೂ ಹರಡಿತು. ಬಹುಮಾನ ಬಂದ ಚಿತ್ರಗಳ ಶೀರ್ಷಿಕೆಗಳೂ ಅಷ್ಟೇ: ‘ಏಕಾಂತ’, ‘ಗತವೈಭವ’, ‘ಶ್ರಮಜೀವಿ’. ಶ್ರಮಜೀವಿಯ ಹೆಸರೇನು, ಊರು ಯಾವುದು, ವರ್ಷ ಯಾವುದು? ಪ್ರಿಂಟನ್ನು ತಿರುಗಿಸಿ ನೋಡಿದರೆ ಬೆನ್ನ ಮೇಲೆ ದೇಶವಿದೇಶದ ಸಲೋನ್‌ಗಳ ಚೀಟಿಗಳಿರುತ್ತವೆ. ಚಿತ್ರ ಎಲ್ಲೆಲ್ಲಿ ಪ್ರದರ್ಶನಗೊಂಡಿತು ಎಂಬುದು ಅದರಿಂದ ತಿಳಿಯುತ್ತದೆ, ಎಲ್ಲಿ ತೆಗೆದದ್ದು ಎಂಬುದು ತಿಳಿಯುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ದಾರಿ ಇದ್ದೇ ಇತ್ತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜನರನ್ನು ಬಿಟ್ಟು ಚಿತ್ರ ತೆಗೆದವರಲ್ಲ. ಪತ್ರಿಕೆಯ ಕೆಲಸದಿಂದ ಬಂದ ಅವರಿಗೆ ಯಾರು, ಎಲ್ಲಿ, ಯಾವಾಗ ಎಂಬುದು ಚಿತ್ರದಷ್ಟೇ ಮುಖ್ಯ. 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಕೆಲವೊಮ್ಮೆ ಅವರ ನೋಟದಲ್ಲಿ ಮಮತೆ ಅತಿಯಾಗಿ, ಬಡತನದ ಒರಟು ಅಂಚು ಮೃದುವಾಗಿಬಿಡುತ್ತದೆ ಎಂಬುದು ನನ್ನ ತಕರಾರು. ಆದರೂ ಐವತ್ತು ವರ್ಷದ ನಂತರ ಬಿಚ್ಚಿ ನೋಡಿದರೂ ಮಾತಾಡುವ ಚಿತ್ರಗಳು ಅವರವು. ಈ ದಾರಿ ತುಂಗಭದ್ರೆಯ ದಂಡೆಗೆ ತಡವಾಗಿ, ತೆಳುವಾಗಿ ತಲುಪಿತು. ಅಣೆಕಟ್ಟೆಯ ನೀರಲ್ಲಿ ಮುಳುಗಿದ ನಾರಾಯಣದೇವರಕೆರೆಯ ಬೀದಿ ಹೇಗಿತ್ತು ಎಂದು, ಅಲ್ಲಿಂದ ಎದ್ದು ಬಂದವರು ನೆಲೆಸಿದ ಮರಿಯಮ್ಮನಹಳ್ಳಿಯ ಮಕ್ಕಳು ಕೇಳಿದರೆ ತೋರಿಸಲು ನಮ್ಮಲ್ಲಿ ಎಷ್ಟು ಚಿತ್ರಗಳಿವೆ?

ಈ ಕಾರಣಕ್ಕೇ, ದಶಕಗಟ್ಟಲೆ ಕ್ಯಾಮೆರಾ ಹೊತ್ತು ತಿರುಗಿದ ಹಿರಿಯರು ‘ಇದುವರೆಗೆ ಯಾರೂ ನೋಡಿರದ ಚಿತ್ರಗಳು’ ಎಂದು ಪೆಟ್ಟಿಗೆ ತೆರೆದಾಗ ನನಗೆ ಆಸೆಯೂ ಆತಂಕವೂ ಒಟ್ಟಿಗೇ ಆಗುತ್ತದೆ. ಗೋಡೆಗೆ ಬರುವುದು ಹೆಚ್ಚಾಗಿ ನಾವು ನೋಡಿದ ಚಿತ್ರದ್ದೇ ಒಡಹುಟ್ಟು: ಅದೇ ರಥ, ಮೋಡ ಮಾತ್ರ ಬೇರೆ. ನಿಜವಾಗಿ ಯಾರೂ ನೋಡದ್ದು ಅವರು ಬೇಡವೆಂದು ಬದಿಗಿಟ್ಟ ಫ್ರೇಮುಗಳು.

ಇಡೀ ಸುರುಳಿಯನ್ನು ಒಂದೇ ಹಾಳೆಯಲ್ಲಿ ಮೂಡಿಸಿದ ಕಾಂಟ್ಯಾಕ್ಟ್ ಶೀಟ್ ಹೀಗಿರುತ್ತದೆ. ಮೂವತ್ತಾರು ಚಿಕ್ಕ ಚಿತ್ರಗಳು, ಒಂದೆರಡರ ಸುತ್ತ ಕೆಂಪು ಪೆನ್ಸಿಲ್ಲಿನ ಗೆರೆ. ಗೆರೆ ಬಿದ್ದದ್ದು ಗೋಪುರಕ್ಕೆ. ಉಳಿದವುಗಳಲ್ಲಿ ವಿರೂಪಾಕ್ಷ ಬಜಾರಿನ ಸಾಲು ಮಂಟಪವಿದೆ. ಕಂಬಗಳ ನಡುವೆ ಗೋಡೆ ಎಬ್ಬಿಸಿ ಮಾಡಿಕೊಂಡ ಮನೆ, ನೀಲಿ ಪ್ಲಾಸ್ಟಿಕ್ ತಾಡಪಾಲು, ಬಾಳೆಹಣ್ಣಿನ ಗೊನೆ, ಕೈಬರಹದ ಹೋಟೆಲ್ ಬೋರ್ಡು, ಸ್ಟವ್ ಮುಂದೆ ಕೂತ ಹೆಂಗಸು. ತೆಗೆದ ದಿನ ಇದು ಕೆಟ್ಟ ಫ್ರೇಮು. 2011ರ ಜುಲೈನಲ್ಲಿ ಆ ಬಜಾರಿನ ಜನರನ್ನು ಎಬ್ಬಿಸಿ ಕಟ್ಟಡ ಕೆಡವಿದ ಮೇಲೆ ಅದೇ ಸಾಕ್ಷಿ. ತಳವಾರಘಟ್ಟದಲ್ಲಿ ಹರಿಗೋಲಿನ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಆನೆಗೊಂದಿಗೆ ದಾಟುವ ಚಿತ್ರವೂ ಹಾಗೆಯೇ. ಬೈಕು ಚೌಕಟ್ಟನ್ನು ಕೆಡಿಸಿತೆಂದು ಪಕ್ಕಕ್ಕೆ ಹೋಯಿತು. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಬಿತ್ತು. ಎರಡು ದಂಡೆಯ ಜನ ಹೇಗೆ ದಾಟುತ್ತಿದ್ದರು ಎಂದು ಹೇಳಬಲ್ಲದ್ದು ಆ ಬೈಕೇ.

ಗಣಿ ಲಾರಿಗಳ ಕಾಲವನ್ನೂ ಮರೆಯಬಾರದು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಕೆಂಪು ಧೂಳು ಎದ್ದಾಗ ಸೂರ್ಯಾಸ್ತ ಚೆಂದ ಕಂಡಿತು, ಲಾರಿ ಮರೆಯಾಗಲಿ ಎಂದು ಕಾದು ಕ್ಲಿಕ್ಕಿಸಿದರು. ಕಾಯುವ ಮುನ್ನ ಒತ್ತಿದ ಒಂದು ಫ್ರೇಮಾದರೂ ಇದ್ದೀತು ಎಂದು ನಾನು ಹಂಬಲಿಸುತ್ತೇನೆ.

ಕಾಲ ಕಡಿಮೆ ಇದೆ. ನಮ್ಮ ಬಳ್ಳಾರಿಯ ಸತ್ಯನಾರಾಯಣಪೇಟೆಯ ತಾರಸಿ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳ ಕಾವು ಅಟ್ಟದ ಟ್ರಂಕಿಗೆ ನೇರ ಇಳಿಯುತ್ತದೆ. ಅಸಿಟೇಟ್ ಫಿಲ್ಮು ಕಾವಿಗೆ ಕೊಳೆಯಲು ಶುರುವಾದರೆ ವಿನೆಗರ್ ವಾಸನೆ ಬರುತ್ತದೆ, ಆಮೇಲೆ ಸುರುಟಿಕೊಳ್ಳುತ್ತದೆ. ಒಂದು ಸುರುಳಿಯ ಹುಳಿ ಪಕ್ಕದ ಸುರುಳಿಯನ್ನೂ ತಿನ್ನುತ್ತದೆ. ವಾಸನೆ ಬಂದ ಸುರುಳಿಗಳನ್ನು ಮೊದಲು ಬೇರೆ ಇಡಬೇಕು, ಟ್ರಂಕನ್ನು ಅಟ್ಟದಿಂದ ತಂಪಾದ ಒಳಕೋಣೆಗೆ ಇಳಿಸಬೇಕು. ಬೆಳ್ಳಿ ತೆಗೆಯಲು ಹಳೆಯ ನೆಗೆಟಿವ್‌ಗಳನ್ನು ತೂಕಕ್ಕೆ ಕೊಂಡುಹೋಗುವವರಿಗೆ ಮನೆಯ ಮಕ್ಕಳು ಕೊಟ್ಟುಬಿಡಬಾರದು. ಸ್ಕ್ಯಾನ್ ಮಾಡುವವರು ಗೆರೆ ಎಳೆದ ಎರಡು ಫ್ರೇಮನ್ನಷ್ಟೇ ಅಲ್ಲ, ಮೂವತ್ತಾರನ್ನೂ ಮಾಡಬೇಕು. ತೆಗೆದವರು ಬದುಕಿರುವಾಗಲೇ ಪಕ್ಕದಲ್ಲಿ ಕೂತು ಒಂದೊಂದರ ವರ್ಷ, ಊರು ಕೇಳಿ ಬರೆದುಕೊಳ್ಳಬೇಕು. 1991ರಲ್ಲಿ ಹಂಪಿಯ ನೆರಳಲ್ಲೇ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಈ ಪೆಟ್ಟಿಗೆಗಳಿಗೆ ಒಂದು ತಂಪು ಕೋಣೆ ಕೊಟ್ಟರೆ ಅವು ಗ್ರೀನ್‌ಲಾನ ಕಾಗದಗಳಂತೆ ದೂರ ಹೋಗುವುದು ತಪ್ಪುತ್ತದೆ.

ಇಂಥ ಚಿತ್ರಗಳ ಮೊದಲ ಪ್ರದರ್ಶನ ಬೆಂಗಳೂರಿನ ಗ್ಯಾಲರಿಯಲ್ಲಿ ಬೇಡ. ಬಜಾರಿನಿಂದ ಎದ್ದು ಬಂದ ಕುಟುಂಬಗಳಿಗೆ ಜಾಗ ಕೊಟ್ಟದ್ದು ಕಡ್ಡಿರಾಂಪುರದಲ್ಲಿ. ಅಲ್ಲಿಯ ಶಾಲೆಯ ಗೋಡೆಗೆ ತೂಗುಹಾಕಲಿ. ಯಾವ ಮಂಟಪ ಯಾರ ಅಂಗಡಿಯಾಗಿತ್ತು, ಸ್ಟವ್ ಮುಂದೆ ಕೂತವರು ಯಾರ ಅವ್ವ ಎಂಬುದನ್ನು ಅವರೇ ಹೇಳಬಲ್ಲರು. ಹೇಳಿದ್ದನ್ನು ಪ್ರಿಂಟಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಅಲ್ಲೇ ಬರೆದಿಡಬೇಕು.