ಮುಪ್ಪಿಗೆ ಮೊಸರಿನ ಮದ್ದು

ನಾವು ಕಾಣುವ ಮುಪ್ಪು ಸಹಜವಲ್ಲ, ಅದೊಂದು ಕಾಯಿಲೆ. ಅದರ ಬೇರು ಇರುವುದು ದೊಡ್ಡ ಕರುಳಿನಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ 1907ರಲ್ಲಿ ಹೊರತಂದ ಪುಸ್ತಕದ ಮುಖ್ಯ ವಾದ ಇದು. ಇಂಗ್ಲಿಷಿನಲ್ಲಿ ‘ದಿ ಪ್ರೊಲಾಂಗೇಶನ್ ಆಫ್ ಲೈಫ್’ ಎನಿಸಿಕೊಂಡ ಈ ಕೃತಿಯನ್ನು ಇಂದು ಓದುವವರು ವಿರಳ. ಆದರೆ ‘ಒಳ್ಳೆಯ ಬ್ಯಾಕ್ಟೀರಿಯಾ’ ತುಂಬಿದ ಮಾತ್ರೆ ಯೌವನ ಉಳಿಸುತ್ತದೆ ಎಂದು ಸಾರುವ ಜಾಹೀರಾತುಗಳ ವಂಶಾವಳಿ ಹುಡುಕಿದರೆ ಇಲ್ಲಿಗೇ ಬಂದು ನಿಲ್ಲುತ್ತೇವೆ.

ವಾದ ಸರಳ. ದೊಡ್ಡ ಕರುಳಿನಲ್ಲಿ ಉಳಿದ ಆಹಾರವನ್ನು ಬ್ಯಾಕ್ಟೀರಿಯಾಗಳು ಕೊಳೆಸುತ್ತವೆ, ಹುಟ್ಟಿದ ವಿಷ ರಕ್ತಕ್ಕೆ ಇಳಿದು ಅಂಗಾಂಗಗಳನ್ನು ಸವೆಸುತ್ತದೆ. ಹೆಪ್ಪಾದ ಹಾಲು ಕೊಳೆಯುವುದಿಲ್ಲ, ಏಕೆಂದರೆ ಅದರಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಹಾಗಾದರೆ ಆ ಆಮ್ಲ ಹುಟ್ಟಿಸುವ ಜೀವಿಗಳನ್ನೇ ಕರುಳಿಗೆ ಇಳಿಸಿದರೆ? ಸಾಕ್ಷಿಗೆ ಹುಳಿ ಹಾಲು ಕುಡಿದು ದೀರ್ಘಕಾಲ ಬದುಕುವ ಬಲ್ಗೇರಿಯಾದ ರೈತರಿದ್ದರು.

ಪ್ರಶ್ನೆ ದೊಡ್ಡದು, ಸಾಕ್ಷಿ ತೆಳು. ರೈತರ ವಯಸ್ಸಿಗೆ ನೆಚ್ಚಬಹುದಾದ ದಾಖಲೆ ಇರಲಿಲ್ಲ. ಅವರ ದುಡಿಮೆ, ಉಳಿದ ಊಟ ಯಾವುದೂ ಲೆಕ್ಕಕ್ಕೆ ಬರಲಿಲ್ಲ. 1920ರ ದಶಕದ ಹೊತ್ತಿಗೆ ಅಮೆರಿಕದ ಯೇಲ್‌ನಲ್ಲಿ ಲಿಯೋ ರೆಟ್ಗರ್ ತಂಡ, ಮೆಚ್ನಿಕಾಫ್ ನಂಬಿದ್ದ ಬಲ್ಗೇರಿಯಾದ ತಳಿ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದೇ ಇಲ್ಲ ಎಂದು ತೋರಿಸಿತು. ಅಷ್ಟರಲ್ಲಿ ‘ಕರುಳಿನ ವಿಷ’ದ ಭಯ ಬೆಳೆದು, ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ವರ್ಷಗಟ್ಟಲೆ ಹುಳಿ ಹಾಲು ಕುಡಿದ ಮೆಚ್ನಿಕಾಫ್ 1916ರಲ್ಲಿ, 71ನೆಯ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಇದರಿಂದ ಅವರ ವಾದ ಸುಳ್ಳಾಗುವುದಿಲ್ಲ; ಇಳಿವಯಸ್ಸಿನ ರೈತನೊಬ್ಬನಿಂದ ಅದು ನಿಜವೂ ಆಗುವುದಿಲ್ಲ.

ಆದರೂ ಅವರ ಪ್ರಶ್ನೆಗೆ ಈಗ ಮರುಜೀವ ಬಂದಿದೆ. 2017ರಲ್ಲಿ ಜರ್ಮನಿಯ ಕಲೋನ್‌ನಲ್ಲಿ, ಕೆಲವೇ ತಿಂಗಳು ಬದುಕುವ ಕಿಲ್ಲಿಫಿಶ್ ಎಂಬ ಮೀನಿನ ಮೇಲೆ ಪ್ರಯೋಗ ನಡೆಯಿತು. ನಡುವಯಸ್ಸಿನ ಮೀನುಗಳ ಕರುಳನ್ನು ಆ್ಯಂಟಿಬಯಾಟಿಕ್‌ನಿಂದ ತೊಳೆದು ಎಳೆಯ ಮೀನುಗಳ ಸೂಕ್ಷ್ಮಜೀವಿಗಳನ್ನು ಕೊಟ್ಟಾಗ ಅವುಗಳ ಆಯಸ್ಸು ಹೆಚ್ಚಿತು. 2021ರಲ್ಲಿ ಜಪಾನಿನ ಸಂಶೋಧಕರು ನೂರು ದಾಟಿದವರ ಕರುಳಿನಲ್ಲಿ ವಿಶಿಷ್ಟ ಪಿತ್ತಾಮ್ಲಗಳನ್ನು ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಕಂಡರು. ಅವುಗಳಲ್ಲೊಂದು ಆಮ್ಲ ಕೆಲವು ರೋಗಾಣುಗಳನ್ನು ತಡೆಯುತ್ತದೆ. ಇವು ಗಟ್ಟಿ ಕೆಲಸಗಳು. ಆದರೆ ಮೀನು ಮನುಷ್ಯನಲ್ಲ. ಆ ಬ್ಯಾಕ್ಟೀರಿಯಾ ಇದ್ದುದರಿಂದ ಅಜ್ಜ ನೂರು ದಾಟಿದರೋ, ನೂರು ದಾಟುವಂಥ ಮೈಯಲ್ಲಿ ಅದು ಉಳಿಯಿತೋ ಎಂಬುದನ್ನೂ ಇಂಥ ಹೋಲಿಕೆ ಬಿಡಿಸಿ ಹೇಳಲಾರದು.

ಮನುಷ್ಯರ ಮೇಲಿನ ಫಲಿತಾಂಶಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದವು ಮಾತ್ರೆಯವಲ್ಲ, ಊಟದವು. ಯುರೋಪಿನ ಐದು ದೇಶಗಳ 612 ಹಿರಿಯರನ್ನು ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವರ್ಷವಿಡೀ ತರಕಾರಿ, ಕಾಳು, ಹಣ್ಣು, ಆಲಿವ್ ಎಣ್ಣೆಯ ಊಟಕ್ಕೆ ಬದ್ಧರಾದವರಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಹೆಚ್ಚಿದವು. ಆ ಹೆಚ್ಚಳದ ಜೊತೆಗೇ ನಿತ್ರಾಣ, ಉರಿಯೂತದ ಗುರುತುಗಳು ಕಡಿಮೆ ಇದ್ದವು. ಇಲ್ಲೂ ಯಾರೂ ಚಿರಯುವಕರಾಗಲಿಲ್ಲ. ಮುಪ್ಪನ್ನು ತುಸು ಗಟ್ಟಿಮುಟ್ಟಾಗಿ ಕಳೆಯುವ ಸೂಚನೆ ಸಿಕ್ಕಿತು, ಅಷ್ಟೆ.

ನಮ್ಮ ಮನೆಯ ಮೊಸರನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 2001ರಲ್ಲಿ ವಿಶ್ವಸಂಸ್ಥೆಯ ತಜ್ಞರು ಕೊಟ್ಟ ವ್ಯಾಖ್ಯೆಯಂತೆ, ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಜೀವಿಯೇ ಪ್ರೊಬಯಾಟಿಕ್. ನೆರೆಮನೆಯಿಂದ ತಂದ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಎಂದು ಅಳೆದವರಿಲ್ಲ. ಆದ್ದರಿಂದ ಮೊಸರನ್ನು ಮದ್ದೆನ್ನಲಾಗದು, ಒಳ್ಳೆಯ ಊಟವೆಂದರೆ ತಪ್ಪಿಲ್ಲ.

ಮೆಚ್ನಿಕಾಫ್ ಅವಸರಪಟ್ಟರು, ಆದರೆ ತಮ್ಮ ಊಹೆಯನ್ನು ಪರೀಕ್ಷೆಗೆ ತೆರೆದಿಟ್ಟರು. ಇಂದಿನ ಮಾತ್ರೆ ವ್ಯಾಪಾರ ಅವರ ಅವಸರವನ್ನು ಉಳಿಸಿಕೊಂಡು ಪರೀಕ್ಷೆಯನ್ನು ಕೈಬಿಟ್ಟಿದೆ. ಡಬ್ಬಿಯ ಮೇಲೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಲೆಕ್ಕ ಓದಿ ಮರುಳಾಗುವ ಮುನ್ನ ಒಂದು ಪ್ರಶ್ನೆ ಕೇಳಿ: ಇದೇ ತಳಿಯನ್ನು, ಇದೇ ಪ್ರಮಾಣದಲ್ಲಿ, ಮನುಷ್ಯರಿಗೆ ಕೊಟ್ಟು ನೋಡಿದ್ದಾರೆಯೇ? ಉತ್ತರ ಸಿಗದಿದ್ದರೆ ಆ ದುಡ್ಡಿಗೆ ಸೊಪ್ಪು, ಕಾಳು ತನ್ನಿ.