ಒಬ್ಬ ವಿದ್ಯಾರ್ಥಿನಿಯ ಪ್ರಬಂಧ

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು ನಾನು. ತಿದ್ದಿದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಮೆಟ್ಟಿಲುಗಳನ್ನು ಎಡವದೆ ಹತ್ತಿದವರಿಗೆ ಧಾರಾಳವಾಗಿ ಅಂಕ ಕೊಟ್ಟಿದ್ದೇನೆ. ಒಮ್ಮೆ ಒಂಬತ್ತನೆಯ ತರಗತಿಗೆ ‘ನಮ್ಮ ಊರಿನ ಬಾವಿ’ ಎಂಬ ವಿಷಯ ಕೊಟ್ಟಿದ್ದೆ. ಒಬ್ಬ ಹುಡುಗಿ, ಬಾವಿಯ ನೀರು ಸಿಹಿಯೆಂದು ಒಂದು ಸಾಲು ಬರೆದು, ಮುಂದೆಲ್ಲ ತನ್ನ ತಾಯಿಯ ಸಂಗತಿಯನ್ನೇ ಬರೆದಿದ್ದಳು. ತಾಯಿ ಹಗ್ಗ ಮುಟ್ಟುವಂತಿಲ್ಲ; ಯಾರಾದರೂ ಬಂದು ಸೇದಿ ಮೇಲಿನಿಂದ ಹೊಯ್ಯುವ ತನಕ ಬರಿಗೊಡ ಇಟ್ಟುಕೊಂಡು ಬಿಸಿಲಿನಲ್ಲಿ ನಿಂತಿರಬೇಕು. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ವಿಷಯಾಂತರ’ ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಮರೆತೇಹೋಗಿದ್ದ ಈ ಸಂಗತಿ ಈಚೆಗೆ ಮತ್ತೆ ನೆನಪಾದದ್ದು ಇನ್ನೊಬ್ಬ ವಿದ್ಯಾರ್ಥಿನಿಯ ಪ್ರಬಂಧವನ್ನು ಓದಿದಾಗ. ಅದು 1855ರಲ್ಲಿ ಅಚ್ಚಾದದ್ದು.

ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆಯವರು ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದನ್ನು ವಾಚಕರು ಬಲ್ಲರು. ಕೆಲವೇ ವರ್ಷಗಳಲ್ಲಿ ಅವರು ಮಹಾರ್ ಮತ್ತು ಮಾಂಗ್ ಮಕ್ಕಳಿಗೂ ಪಾಠ ಹೇಳತೊಡಗಿದರು. ಅವರ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಮುಕ್ತಾ ಸಾಳ್ವೆ ಎಂಬ ಹುಡುಗಿ, ವಯಸ್ಸು 14 ದಾಟುವ ಮೊದಲೇ, ಮಾಂಗ್ ಮಹಾರರ ದುಃಖವನ್ನು ಕುರಿತು ಒಂದು ಪ್ರಬಂಧ ಬರೆದಳು. ಅಮೆರಿಕನ್ ಮಿಷನರಿಗಳು ನಡೆಸುತ್ತಿದ್ದ ‘ಜ್ಞಾನೋದಯ’ ಎಂಬ ಮರಾಠಿ ಪತ್ರಿಕೆ ಅದನ್ನು ಎರಡು ಕಂತುಗಳಲ್ಲಿ ಪ್ರಕಟಿಸಿತು. ನಾನು ಓದಿರುವುದು 1991ರಲ್ಲಿ ಬಂದ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’ ಎಂಬ ಸಂಕಲನದ ಇಂಗ್ಲಿಷ್ ಅನುವಾದವನ್ನು. ಮೂಲದ ಮಾತಿನ ಸೊಗಡು ನನಗೆ ದಕ್ಕಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಈ ಪ್ರಬಂಧವನ್ನು ಹೊಗಳುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಇಷ್ಟು ಚಿಕ್ಕ ಹುಡುಗಿ ಬರೆದಳಲ್ಲ ಎಂಬ ಬೆರಗು; ಇನ್ನೊಂದು, ಇದೊಂದು ಅಮೂಲ್ಯ ದಾಖಲೆ ಎಂಬ ಗೌರವ. ಎರಡೂ ನಿಜವೇ. ಆದರೆ ಎರಡರಲ್ಲಿಯೂ ಬರಹಕ್ಕೆ ಸಲ್ಲಬೇಕಾದ ಗೌರವ ಸಲ್ಲುವುದಿಲ್ಲವೆಂದು ನನ್ನ ಅಭಿಪ್ರಾಯ. ವಯಸ್ಸನ್ನು ಮರೆತು, ತಾರೀಖನ್ನು ಮರೆತು ಓದಿದರೂ ಇದು ಒಳ್ಳೆಯ ಗದ್ಯ.

ಆರಂಭವನ್ನೇ ನೋಡಿ. ಪೀಠಿಕೆಯಿಲ್ಲ, ನೇರವಾಗಿ ವಾದ. ವೇದ ಬ್ರಾಹ್ಮಣರಿಗೆ ಮಾತ್ರ ಸೇರಿದ್ದೆಂದು ಅವರೇ ಹೇಳುತ್ತಾರೆ. ಹಾಗಾದರೆ ಅದು ನಮ್ಮದಲ್ಲ. ನಮ್ಮದಲ್ಲವೆಂದ ಮೇಲೆ ನಾವು ಧರ್ಮವಿಲ್ಲದವರಾದೆವಲ್ಲ ಎಂದು ಆಕೆ ತರ್ಕಿಸುತ್ತಾಳೆ. ಎದುರಾಳಿಯ ಮಾತನ್ನೇ ಎತ್ತಿಕೊಂಡು ಅದರ ಕೊನೆಯ ತನಕ ನಡೆಸಿಕೊಂಡು ಹೋಗುವ ಈ ರೀತಿ ಪಂಡಿತರ ವಾಕ್ಯಾರ್ಥದಲ್ಲಿ ಕಾಣುವಂಥದು. ಒಬ್ಬನಿಗೆ ಮಾತ್ರ ಅಧಿಕಾರ ಕೊಟ್ಟು ಉಳಿದವರನ್ನು ಹೊರಗಿಡುವ ಧರ್ಮ ಭೂಮಿಯ ಮೇಲೆ ಉಳಿಯದಿರಲಿ ಎಂದು ಮುಂದೆ ಆಕೆ ದೇವರಲ್ಲಿ ಬೇಡುವಾಗ, ಆ ಬೇಡಿಕೆ ಬರಿಯ ಉದ್ವೇಗದ ಮಾತೆನಿಸುವುದಿಲ್ಲ. ತರ್ಕದ ದಾರಿಯಲ್ಲಿ ನಡೆದುಬಂದವಳು ತಲುಪಲೇಬೇಕಾದ ಜಾಗ ಅದು.

ಕತ್ತೆಯ ದೃಷ್ಟಾಂತ ಇನ್ನೂ ಸೊಗಸು. ಪೇಶ್ವೆಗಳ ಕಾಲದಲ್ಲಿ ತಮ್ಮ ಜನರನ್ನು ಕತ್ತೆಗಿಂತ ಕಡೆಯಾಗಿ ಕಂಡರೆಂಬುದು ಮಾತು. ಇಷ್ಟಕ್ಕೇ ನಿಂತಿದ್ದರೆ ಅದು ಸಾಧಾರಣ ಹೋಲಿಕೆಯಾಗುತ್ತಿತ್ತು. ಆಕೆ ನಿಲ್ಲುವುದಿಲ್ಲ. ಕತ್ತೆಗೆ ಹೊಡೆದರೆ ಅದರ ಒಡೆಯನಾದರೂ ಜಗಳಕ್ಕೆ ಬರುತ್ತಾನೆ, ನಮಗೆ ಹೊಡೆದರೆ ಕೇಳುವವರು ಯಾರು ಎನ್ನುತ್ತಾಳೆ. ಸವೆದುಹೋದ ಉಪಮೆಗೆ ಜೀವ ಬರುವುದು ಹೀಗೆ. ಪೇಶ್ವೆಗಳ ಆಳ್ವಿಕೆ 1818ರಲ್ಲೇ ಮುಗಿದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಹುಡುಗಿ ಕಣ್ಣಾರೆ ಕಂಡದ್ದಲ್ಲ. ಕೇರಿಯ ಹಿರಿಯರಿಂದ ಕೇಳಿದ್ದಿರಬೇಕು. ಬರೆದಿಡುವವರಿಲ್ಲದ ಜನರ ನೆನಪು ಆಕೆಯ ಲೇಖನಿಗಾಗಿ ಕಾದಿತ್ತೆಂದು ತೋರುತ್ತದೆ.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಮತ್ತೊಂದು ಭಾಗ. ಅಸ್ಪೃಶ್ಯರು ಓದು ಕಲಿತ ಸುದ್ದಿ ಕಿವಿಗೆ ಬಿದ್ದರೆ ಬಾಜೀರಾಯ ಏನೆನ್ನುತ್ತಿದ್ದ? ಇವರು ಕಲಿತರೆ, ಬ್ರಾಹ್ಮಣರೇನು ಕ್ಷೌರದ ಚೀಲ ಕಂಕುಳಲ್ಲಿಟ್ಟುಕೊಂಡು ವಿಧವೆಯರ ತಲೆ ಬೋಳಿಸುತ್ತ ತಿರುಗಬೇಕೇ ಎಂದು ಗದರುತ್ತಿದ್ದನಂತೆ. ನಗೆ ಬರುವ ಮಾತು. ಆದರೆ ಆ ನಗೆಯ ನಡುವೆ ಮೇಲುಜಾತಿಯ ವಿಧವೆಯ ಬೋಳುತಲೆ ಒಮ್ಮೆ ಕಂಡು ಮರೆಯಾಗುತ್ತದೆ. ತನ್ನ ಕೇರಿಯ ದುಃಖ ಹೇಳಹೊರಟ ಹುಡುಗಿ ಬೇಕೆಂದೇ ಅದನ್ನು ತಂದಳೋ ಇಲ್ಲವೋ, ಓದುವವನಿಗಂತೂ ಎರಡು ಅನ್ಯಾಯಗಳ ಬೇರು ಒಂದೇ ಕಡೆಗೆ ಹೋಗುವುದು ಕಾಣುತ್ತದೆ. ತನ್ನ ಜನರ ಹೆಂಗಸರನ್ನು ಕುರಿತು ಬರೆಯುವಾಗಲಾದರೋ ಆಕೆಗೆ ನಗೆಯಿಲ್ಲ. ಮೇಲೆ ಸೂರಿಲ್ಲದ ಮನೆಯಲ್ಲಿ ಮಳೆಗೂ ಚಳಿಗೂ ಮೈಯೊಡ್ಡಿ ಹೆರುವ ತಾಯಂದಿರ ಪಾಡನ್ನು ನಿಮ್ಮ ಅನುಭವದಿಂದಲೇ ಊಹಿಸಿಕೊಳ್ಳಿ ಎಂದಷ್ಟೇ ಹೇಳುತ್ತಾಳೆ.

ಇವೆಲ್ಲ ಗುರುಗಳು ಕಲಿಸಿದ ವಿಚಾರಗಳಲ್ಲವೆ ಎಂದು ಕೇಳಬಹುದು. ವಿಚಾರದ ಹಿಂದೆ ಫುಲೆ ದಂಪತಿಗಳ ಪಾಠ ಇದ್ದೇ ಇದೆ. ಯಾವ ವಿದ್ಯಾರ್ಥಿಯ ಹಿಂದೆ ಗುರುವಿಲ್ಲ? ಆದರೆ ಸೂರಿಲ್ಲದ ಬಾಣಂತಿಯ ಮನೆಯನ್ನು ಪಾಠದಿಂದ ಕಲಿಯಬೇಕಾಗಿರಲಿಲ್ಲ. ಇನ್ನೊಂದು ಸಾಕ್ಷಿಯೂ ಇದೆ. ಮಹಾರರು ಮಾಂಗರಿಗಿಂತ ತಾವು ಮೇಲೆಂದು ಬೀಗಿ, ಮಾಂಗರ ನೆರಳಿಗೂ ಮೈಲಿಗೆ ಹೇಳುವುದನ್ನು ಆಕೆ ಮುಚ್ಚಿಡುವುದಿಲ್ಲ. ಮೆಟ್ಟಿಲಿನ ತೀರ ಕೆಳಗೆ ನಿಂತವರಿಗೇ ಮೇಲಿನ ಪ್ರತಿಯೊಂದು ಮೆಟ್ಟಿಲೂ ಬೇರೆ ಬೇರೆಯಾಗಿ ತಿಳಿಯುತ್ತದೆ.

ದೋಷಗಳಿಲ್ಲವೆಂದಲ್ಲ. ಇಂಗ್ಲಿಷರ ಆಳ್ವಿಕೆಯನ್ನು ಆಕೆ ಮನಬಿಚ್ಚಿ ಹೊಗಳುತ್ತಾಳೆ. ಆ ಆಳ್ವಿಕೆ ಬಡವರಿಂದ ಏನೇನು ಕಿತ್ತುಕೊಂಡಿತೆಂಬುದನ್ನು ಬಲ್ಲ ನಮಗೆ ಈ ಭಾಗ ಏಕಮುಖವಾಗಿ ಕಾಣುತ್ತದೆ. ಆದರೆ ಪೇಟೆಗೆ ನಿರ್ಭಯವಾಗಿ ಹೋಗಿಬರುವುದೇ ದೊಡ್ಡ ಸಂಗತಿಯಾಗಿದ್ದವರ ಕೃತಜ್ಞತೆಯನ್ನು, ಎಂದೂ ಪೇಟೆಗೆ ಹೋಗಲು ಅಂಜದ ನಾವು ತೂಗುವಾಗ ಸ್ವಲ್ಪ ಎಚ್ಚರ ಬೇಕು. ವಿದ್ಯೆಯೇ ನಿಮ್ಮ ರೋಗಕ್ಕೆ ಮದ್ದು ಎಂದು ತನ್ನವರಿಗೆ ಹೇಳುವ ಉಪದೇಶದಲ್ಲಿ ಬರಹದ ಬಿಗಿ ತುಸು ಸಡಿಲವಾಗುತ್ತದೆ. ಅದೊಂದೇ ಕಡೆ ಶಾಲೆಯ ಪ್ರಬಂಧದ ವಾಸನೆಯಿದೆ.

ಅದೇ ಸಂಕಲನದಲ್ಲಿ ನಮ್ಮ ಸಂಚಿಯ ಹೊನ್ನಮ್ಮನೂ ಇದ್ದಾಳೆ. ಹೆಣ್ಣನ್ನು ಹೀನವಾಗಿ ಕಾಣುವವರನ್ನು ಆಕೆಯೂ ಪ್ರಶ್ನಿಸಿದವಳೇ. ಆದರೆ ಚಿಕ್ಕದೇವರಾಜರ ಅರಮನೆಯಲ್ಲಿ ಊಳಿಗದಲ್ಲಿದ್ದ ಹೊನ್ನಮ್ಮ ಪತಿವ್ರತಾಧರ್ಮದ ಒಳಗೆ ನಿಂತು ಕೇಳಿದಳು. ಮುಕ್ತಾಳಿಗೆ ಒಳಗೆ ನಿಲ್ಲಲು ಜಾಗವೇ ಇರಲಿಲ್ಲ. ಹೊನ್ನಮ್ಮನ ಹೆಸರಿನಲ್ಲಿ ಒಂದು ಇಡೀ ಕಾವ್ಯ ಉಳಿಯಿತು. ಮುಕ್ತಾಳ ಹೆಸರಿನಲ್ಲಿ ಈ ಒಂದು ಪ್ರಬಂಧ ಮಾತ್ರ.

ಇದೊಂದಾದರೂ ಉಳಿದದ್ದು ಹೇಗೆ? ಬರೆದವಳ ಪ್ರತಿಭೆಯಷ್ಟರಿಂದಲೇ ಅಲ್ಲ. ಅದನ್ನು ಓದಿ, ಇದು ಅಚ್ಚಾಗತಕ್ಕದ್ದೆಂದು ತಿಳಿದವರಿದ್ದರು. ಸಮಾನತೆಯನ್ನು ಕುರಿತು ವಿದ್ಯಾರ್ಥಿಗಳಿಂದ ಭಾಷಣ ಮಾಡಿಸುವುದು ಸುಲಭ. ನಾನೂ ಎಷ್ಟೋ ಮಾಡಿಸಿದ್ದೇನೆ, ಬಹುಮಾನವನ್ನೂ ಕೊಡಿಸಿದ್ದೇನೆ. ಕೊಟ್ಟ ವಿಷಯವನ್ನು ಬಿಟ್ಟು ತನ್ನ ವಿಷಯವನ್ನು ಬರೆದ ಮಗುವಿನ ಪುಟವನ್ನು ಗುರುತಿಸುವುದೇ ಕಷ್ಟ.

ನನ್ನ ತರಗತಿಯ ಆ ಹುಡುಗಿ ಮರುವಾರ ‘ಹಸು’ ಎಂಬ ವಿಷಯದ ಮೇಲೆ ಬರೆದು ತಂದಳು. ಪೀಠಿಕೆಯಿತ್ತು, ಉಪಸಂಹಾರವಿತ್ತು, ಒಂದು ತಪ್ಪೂ ಇರಲಿಲ್ಲ. ನಾನು ಸಂತೋಷದಿಂದ ಏಳು ಅಂಕ ಕೊಟ್ಟೆ. ಬಾವಿಯ ಮಾತನ್ನು ಆಕೆ ಮತ್ತೆಂದೂ ಬರೆಯಲಿಲ್ಲ.